ಇಪ್ಪತ್ನಾಲ್ಕು ಇಲಿ

ನಮ್ಮ ಗ್ರಂಥಾಲಯ ಮೊದಲು ಆಸ್ಪತ್ರೆಯಾಗಿತ್ತು.
ಹೆರಿಗೆ ಕೋಣೆಯಲ್ಲೀಗ ಭೂಪಟಗಳು,
ಹೆಣ ಇಡುತ್ತಿದ್ದಲ್ಲಿ ಹಳೆಯ ಪತ್ರಿಕೆಗಳ ಕಟ್ಟು.
ಪೆಟ್ರೀನಾ ಬಾಗಿಲಲ್ಲೇ ನಿಂತು ಕೈಚಾಚಿದಳು:
"ನನ್ನ ಟಾನ್ಸಿಲ್ ತೆಗೆದದ್ದು ಅಗೋ,
ಆ ಕಾದಂಬರಿಗಳ ಮೂಲೆಯಲ್ಲಿ."

ಅರವತ್ತು ವರ್ಷ ಬಲೆ ಹೆಣೆದ ಕೈ.
ಕಾಡ್ ಮೀನಿನ ಬಲೆ, ಹೆರ್ರಿಂಗ್ ಬಲೆ,
ಈಗ ಸಾಲ್ಮನ್ ಸಾಕುವವರ ನೈಲಾನ್ ಬಲೆ.
ಅಂಗೈಯಗಲದ ತುಂಡೊಂದನ್ನು ನನ್ನ ಮೇಜಿನ ಮೇಲೆ ಹರಡಿ
"ಸಾಲ್ವೋರ್, ನೀನೇ ಹೇಳು, ಇದು ನೆಟ್ಟಗಿದೆಯೋ ಸೊಟ್ಟಗಿದೆಯೋ?
ಗಂಟು ನನ್ನದೇ. ಬೆರಳು ಸರಿ ಅನ್ನುತ್ತೆ.
ಕಣ್ಣು ಒಪ್ಪುತ್ತಿಲ್ಲ."

ನೆಟ್ಟಗಿತ್ತು.
ಹೇಳುವುದಕ್ಕೆ ತುಸು ತಡಮಾಡಿದೆ.

ನಾನು ವೈದ್ಯೆಯಲ್ಲ. ಇದನ್ನು ದಿನಕ್ಕೆರಡು ಸಲ ಹೇಳುತ್ತೇನೆ,
ಬಾಗಿಲು ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ.
ನನಗೆ ಬರುವುದು ಹುಡುಕುವುದಷ್ಟೇ:
ಯಾವ ಪದ ತಟ್ಟಿದರೆ ಯಾವ ಕದ ತೆರೆಯುತ್ತದೆ,
ಯಾವ ಕದದ ಹಿಂದೆ ಅಂಗಡಿಯಿದೆ.

ಅವಳ ಚೀಲದಲ್ಲೊಂದು ಸೀಸೆಯೂ ಇತ್ತು.
ತಂಗಿಯ ಮಗ ತರಿಸಿಕೊಟ್ಟ ನೀಲಿ ಹಣ್ಣಿನ ಮಾತ್ರೆ,
'ಸಂಶೋಧನೆಯಿಂದ ದೃಢಪಟ್ಟಿದೆ' ಎಂಬ ಚಿನ್ನದ ಅಕ್ಷರ.
ಆ ಸಂಶೋಧನೆಯನ್ನೇ ತೆರೆದೆವು. ಹನ್ನೊಂದು ಪುಟ, ಇಂಗ್ಲಿಷು.
ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಂದೆ,
ಮಗುವಿನ ತಟ್ಟೆಯ ಮೀನಿಗೆ ಮುಳ್ಳು ಬಿಡಿಸುವ ನಿಧಾನದಲ್ಲಿ.

"ಎಷ್ಟು ಜನರ ಮೇಲೆ ನೋಡಿದ್ದಾರೆ?"
ಇಪ್ಪತ್ನಾಲ್ಕು.
"ಎಲ್ಲಿಯವರು?"
ಇಲಿಗಳು, ಪೆಟ್ರೀನಾ.
ಅವಳು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
"ಪಾಪ. ಈಗ ಅವಕ್ಕೆ ಕಾಣುತ್ತಂತಾ?"
ಎಂಟನೆಯ ಪುಟಕ್ಕೆ ಹೋದೆ.
ಆರನೆಯ ವಾರ ಬಲಿ ಕೊಟ್ಟರಂತೆ. ಅದೇ ಪದ, ಬಲಿ.
"ನಾವೂ ಚಳಿಗೆ ಮುಂಚೆ ಕುರಿ ಕೊಯ್ಯುತ್ತೇವೆ," ಅಂದಳು,
"ಕೊಯ್ದೆವು ಅನ್ನುತ್ತೇವೆ."
ಕೊನೆಯ ಪುಟದ ಅಡಿಗೆ, ಸಾಸಿವೆಗಿಂತ ಸಣ್ಣಗೆ,
ಹಣ ಕೊಟ್ಟವರ ಹೆಸರು. ಸೀಸೆಯ ಮೇಲಿದ್ದದ್ದೂ ಅದೇ.

ಆಮೇಲೆ ಚೌಕಳಿ ಹಾಳೆಯೊಂದನ್ನು ಅಚ್ಚು ಹಾಕಿದೆ.
ಅಡ್ಡಗೆರೆ, ಉದ್ದಗೆರೆ, ನಟ್ಟನಡುವೆ ಕಪ್ಪು ಚುಕ್ಕೆ;
ಕಣ್ಣಾಸ್ಪತ್ರೆಯವರು ಎಲ್ಲರಿಗೂ ಇರಲೆಂದು ಇಟ್ಟದ್ದು.
"ಓ, ಬಲೆ," ಅಂದಳು.
ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಚುಕ್ಕೆಯನ್ನೇ ನೋಡಬೇಕು.
ಎಡಗಣ್ಣಿಗೆ ಎಲ್ಲ ನೆಟ್ಟಗೆ.
ಬಲಗಣ್ಣು ಕಂಡದ್ದನ್ನು ಪೆನ್ಸಿಲ್ ಕೇಳಿ ಬರೆದೇ ತೋರಿಸಿದಳು:
ಚುಕ್ಕೆಯ ಸುತ್ತ ಗೆರೆಗಳು ಒಳಕ್ಕೆ ಜಗ್ಗಿದ್ದವು,
ದೊಡ್ಡದೇನೋ ಬಡಿದು ಪಾರಾದ ಜಾಗದ ಹಾಗೆ.
ಯಾವಾಗಿನಿಂದ?
"ಭಾನುವಾರದಿಂದ. ಕಾಫಿ ಹೆಚ್ಚಾಯಿತು ಅಂದುಕೊಂಡೆ."

ಹಾಳೆಯ ಅಡಿಯಲ್ಲಿ ದಪ್ಪಕ್ಷರದ ಒಂದೇ ಸಾಲು:
ಗೆರೆ ಹಠಾತ್ತನೆ ಬಾಗಿದರೆ ಕಾಯಬೇಡಿ.
ಮುಂದೆ ಓದಲಿಲ್ಲ. ಫೋನು ಎತ್ತಿದೆ.
ರೇಕ್ಯಾವಿಕ್‌ನ ಕಣ್ಣಿನ ವಿಭಾಗ. ಕಾಯುವವರಿಗೆಂದು ಒಂದು ಸಂಗೀತ.
ನಾಳೆ ಬೆಳಿಗ್ಗೆ ಬರಲಿ, ಎಂದರು, ವಿಮಾನ ಹಾರಿದರೆ.
ಈ ಊರಿನ ಎಲ್ಲ ವಾಕ್ಯಕ್ಕೂ ಆ ಬಾಲ:
ವಿಮಾನ ಹಾರಿದರೆ.

ಕಣ್ಣಿಗೇ ಸೂಜಿ ಚುಚ್ಚುತ್ತಾರೆ ಎಂಬುದನ್ನು
ಹೇಳಲೋ ಬೇಡವೋ ಎಂದು ಪುಟ ಮಡಚುತ್ತಿದ್ದೆ.
ಅವಳೇ ಕೇಳಿದಳು. ಓದಿದೆ.
"ಸೂಜಿಗೆ ನಾನು ಹೊಸಬಳಲ್ಲ," ಅಂದಳಾದರೂ
ಮೇಜಿನ ಅಂಚನ್ನು ಹಿಡಿದ ಬೆರಳು ಬೆಳ್ಳಗಾದವು.
ತುಂಬ ಹೊತ್ತಿನ ಮೇಲೆ, ಬೇರೆ ಯಾರಿಗೋ ಎಂಬಂತೆ:
"ಬಲೆ ಹರಿದರೆ ಮೊದಲು ಕತ್ತರಿ ಹಿಡಿಯಬೇಕು.
ತೂತು ಇನ್ನೂ ದೊಡ್ಡದಾಗಬೇಕು,
ಮೂರು ಕಾಲಿನ ಗಂಟು ಸಿಗುವ ತನಕ.
ಹೊಲಿಗೆ ಅಲ್ಲಿಂದ ಶುರು.
ಕಲಿಯುವ ಹುಡುಗರು ಅಲ್ಲೇ ಅಳುತ್ತಿದ್ದರು."

ಸೀಸೆಯನ್ನು ಬಿಟ್ಟು ಹೋದಳು.
ಮರೆತ ವಸ್ತುಗಳ ಪೆಟ್ಟಿಗೆಗೆ ಹಾಕಿದೆ,
ಒಂಟಿ ಕೈಗವಸುಗಳ ಜೊತೆ.
ಬಲೆಯ ತುಂಡೂ ಇಲ್ಲೇ ಉಳಿದಿದೆ.

ಇವತ್ತು ಬಾಗಿಲು ತೆರೆಯುವ ಮುಂಚೆ
ಅದರ ಕಣ್ಣುಗಳನ್ನು ಎಣಿಸಿದೆ. ನಲವತ್ತೆಂಟು.
ಬೆಟ್ಟದ ಸಂದಿಯಲ್ಲಿ ಮಂಜು ನಿಂತೇ ಇದೆ.
ಎಂಟೂಮುಕ್ಕಾಲು. ಎಂಟೂಐವತ್ತು.
ಕಿವಿಯೊಂದನ್ನು ಹೊರಗಿಟ್ಟು
ಹಿಂತಿರುಗಿದ ಪುಸ್ತಕಗಳನ್ನು ಜೋಡಿಸುತ್ತಿದ್ದೇನೆ.